ಅಂಕೋರ್‌ಗೆ ಯಾವ ತಿಂಗಳಲ್ಲಿ ಹೋಗಬೇಕು? ನೀರು ನೋಡಿ ದಿನ ಆರಿಸಿ

ಕಾಂಬೋಡಿಯಾದ ಹಳೆಯ ದೇವಸ್ಥಾನಗಳ ಊರು ಅಂಕೋರ್‌ಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಏಪ್ರಿಲ್‌ನಲ್ಲಿ. ಮಕ್ಕಳಿಗೆ ಬೇಸಿಗೆ ರಜೆ, ಎಲ್ಲರೂ ಒಟ್ಟಿಗೆ ಹೋಗೋಣ ಅಂತ ಹೊರಟಿದ್ದು. ಎರಡನೇ ಸಲ ನವೆಂಬರ್ ಕೊನೆಯ ವಾರದಲ್ಲಿ. ದೇವಸ್ಥಾನಗಳು ಅವೇ, ದಾರಿಗಳೂ ಅವೇ. ಆದರೆ ಎರಡು ಬೇರೆ ಬೇರೆ ಊರು ನೋಡಿ ಬಂದ ಹಾಗಿತ್ತು.

ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೇ ಕಲ್ಲು ಕಾದು ಕೈ ಇಡಲು ಆಗುತ್ತಿರಲಿಲ್ಲ. ಅಮ್ಮ ಬಯೋನ್ ಗುಡಿಯ ಒಂದು ಬಾಗಿಲ ನೆರಳಲ್ಲಿ ಕೂತವರು "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದುಬಿಟ್ಟರು. ನಿಯಕ್ ಪೊಯನ್ ಅನ್ನುವ ಪುಟ್ಟ ಗುಡಿಯ ಸುತ್ತಿನ ಕೊಳಗಳು ಒಣಗಿದ್ದವು. ಅಲ್ಲಿ ಕೊಳದ ನಡುವೆ ಒಂದು ಕುದುರೆಯ ಶಿಲ್ಪ ಇದೆ. ಹೆಸರು ಬಲಾಹ. ಕಡಲಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು ಬಂದ ಕುದುರೆ ಅದು. ಅದರ ಮೈಗೆ, ಬಾಲಕ್ಕೆ ಜನ ಜೋತುಬಿದ್ದಿದ್ದಾರೆ. ಒಣ ನೆಲದ ಮೇಲೆ ನಿಂತ ಆ ಕುದುರೆ ಯಾರನ್ನು ಯಾವುದರಿಂದ ಕಾಪಾಡುತ್ತಿದೆ ಅಂತ ಮಗನಿಗೆ ಅರ್ಥವೇ ಆಗಲಿಲ್ಲ. ನವೆಂಬರ್‌ನಲ್ಲಿ ಹೋದಾಗ ಕೊಳ ತುಂಬಿತ್ತು. ಕುದುರೆ ಈಜುತ್ತಿತ್ತು.

"ಚಳಿಗಾಲದಲ್ಲಿ ಹೋಗಿ" ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ನಾನು ತಂಪಿಗಿಂತ ಮೊದಲು ನೀರನ್ನು ನೋಡಿ ದಿನ ಆರಿಸಿ ಅನ್ನುತ್ತೇನೆ. ಅಂಕೋರ್ ಆಳಿದ ಖ್ಮೇರ್ ಅರಸರು ದೇವಸ್ಥಾನ ಕಟ್ಟಿದ್ದು ನೀರಿನ ಜೊತೆಗೆ. ಅಲ್ಲಿನ ದೊಡ್ಡ ಗುಡಿ ಅಂಕೋರ್ ವಾಟ್‌ನ ಕಂದಕವೇ ಸುಮಾರು 190 ಮೀಟರ್ ಅಗಲ ಇದೆ. ಅಲ್ಲಿನ ದೊಡ್ಡ ಕೆರೆಗಳಿಗೆ ಬರಾಯ್ ಅನ್ನುತ್ತಾರೆ. ಪಶ್ಚಿಮ ಬರಾಯ್ ಒಂದೇ 8 ಕಿ.ಮೀ. ಉದ್ದ, 2 ಕಿ.ಮೀ.ಗೂ ಜಾಸ್ತಿ ಅಗಲ. ಅಷ್ಟೂ ಮನುಷ್ಯರು ಕಟ್ಟಿದ ಕೆರೆ. ಈ ನೀರೆಲ್ಲ ಇದ್ದಾಗ ನೋಡಿದರೆ ಆ ಊರನ್ನು ಯಾಕೆ ಹಾಗೆ ಕಟ್ಟಿದರು ಅನ್ನುವುದು ಕಣ್ಣಿಗೇ ತಿಳಿಯುತ್ತದೆ.

ಮೊದಲು ಅಲ್ಲಿನ ವರ್ಷವನ್ನು ಅರ್ಥ ಮಾಡಿಕೊಳ್ಳಿ

ಅಲ್ಲಿಯೂ ನಮ್ಮ ಹಾಗೆ ಮುಂಗಾರಿನದೇ ಆಟ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ. ಮಳೆ ಮೇ ತಿಂಗಳಲ್ಲಿ ಸಣ್ಣದಾಗಿ ಶುರುವಾಗುತ್ತದೆ. ಜಾಸ್ತಿ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. 1296ರಲ್ಲಿ ಅಂಕೋರ್‌ಗೆ ಬಂದ ಚೀನಾದ ರಾಯಭಾರ ತಂಡದ ಝೌ ದಾಗುವಾನ್ ಕೂಡ ಇಲ್ಲಿ ಅರ್ಧ ವರ್ಷ ಮಳೆ, ಅರ್ಧ ವರ್ಷ ಮಳೆಯೇ ಇಲ್ಲ, ಮಳೆ ಬೀಳುವುದು ಮಧ್ಯಾಹ್ನದ ಮೇಲೆ ಅಂತ ಬರೆದಿಟ್ಟಿದ್ದಾರೆ. ಏಳು ಶತಮಾನ ಕಳೆದರೂ ಹೆಚ್ಚುಕಡಿಮೆ ಅದೇ ಲೆಕ್ಕ.

ಪ್ರವಾಸದ ಲೆಕ್ಕಕ್ಕೆ ವರ್ಷವನ್ನು ನಾಲ್ಕು ತುಂಡು ಮಾಡಿಕೊಳ್ಳಿ.

ನವೆಂಬರ್ ಮಧ್ಯದಿಂದ ಫೆಬ್ರುವರಿ ಮಧ್ಯದವರೆಗೆ ಹವೆ ಚೆನ್ನ. ಬೆಳಗಿನ ಹೊತ್ತು 20 ಡಿಗ್ರಿ ಆಸುಪಾಸು, ಮಧ್ಯಾಹ್ನ 30ರ ಹತ್ತಿರ. ಈ ತುಂಡಿನಲ್ಲೂ ಮೊದಲ ಭಾಗವೇ ಮೇಲು. ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲ ಎರಡು ವಾರದಲ್ಲಿ ಮಳೆ ನಿಂತಿರುತ್ತದೆ, ಕಂದಕ ಮತ್ತು ಕೆರೆಗಳು ತುಂಬಿರುತ್ತವೆ, ಗದ್ದೆಗಳಲ್ಲಿ ಭತ್ತ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ಕ್ರಿಸ್‌ಮಸ್ ಹತ್ತಿರ ಬಂದಂತೆ ಜನ ಜಾಸ್ತಿ. ಹೊಸ ವರ್ಷ, ಆಮೇಲೆ ಚೀನೀಯರ ಹೊಸ ವರ್ಷ, ಈ ಎರಡು ಹೊತ್ತಿನಲ್ಲಿ ಹೋಟೆಲ್ ದರವೂ ಏರುತ್ತದೆ, ತಾ ಪ್ರೋಮ್ ಗುಡಿಯ ಮೇಲೆ ಬೆಳೆದ ಮರಗಳ ಬೇರುಗಳ ಮುಂದೆ ಫೋಟೊಗೆ ಸಾಲು ನಿಲ್ಲಬೇಕಾಗುತ್ತದೆ.

ಫೆಬ್ರುವರಿ ಕೊನೆಯಿಂದ ಮೇ ಮೊದಲ ವಾರಗಳವರೆಗೆ ಬಿಸಿಲು. ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವುದು ದಿನದ ಮಾತು. ಸೆಕೆಯೂ ಸೇರಿಕೊಳ್ಳುತ್ತದೆ. ಧೂಳು ಬೇರೆ, ಹೊಲದ ಕಸ ಸುಡುವ ಹೊಗೆಯಿಂದ ಆಕಾಶ ಮಂಕಾಗಿರುತ್ತದೆ. ರಾಯಚೂರು, ಕಲಬುರಗಿಯ ಬಿಸಿಲು ಕಂಡವರಿಗೆ ಡಿಗ್ರಿ ಲೆಕ್ಕ ಹೆದರಿಕೆ ಹುಟ್ಟಿಸುವುದಿಲ್ಲ. ಆದರೆ ಆ ಒಣ ಬಿಸಿಲಿಗೆ ಮಂಗಳೂರಿನ ಬೆವರು ಸೇರಿಸಿ ನೋಡಿ, ಹಾಗಿರುತ್ತದೆ ಅಲ್ಲಿ.

ಮೇ ಮಧ್ಯದಿಂದ ಆಗಸ್ಟ್‌ವರೆಗೆ ಮಳೆಯ ಮೊದಲರ್ಧ. ಇದನ್ನು ಸುಮ್ನೆ ಬಿಟ್ಟುಬಿಡಬೇಡಿ. ಮಲೆನಾಡಿನ ಹಾಗೆ ವಾರಗಟ್ಟಲೆ ಹಿಡಿದ ಜಡಿಮಳೆ ಅಲ್ಲಿ ಅಪರೂಪ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ ಕಟ್ಟಿ ಒಂದೆರಡು ಗಂಟೆ ಜೋರು ಮಳೆ, ಸಂಜೆಗೆ ಮತ್ತೆ ತಿಳಿ. ಜನ ಕಡಿಮೆ, ರೂಮು ಅಗ್ಗ, ಕಲ್ಲಿನ ಮೇಲೆ ಹಸಿರು ಪಾಚಿ. ಕೆರೆಗಳು ಮಾತ್ರ ಇನ್ನೂ ತುಂಬುತ್ತಾ ಇರುತ್ತವೆ.

ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮಳೆಯ ತುದಿ. ಮಣ್ಣುದಾರಿಗಳು ಕೆಸರು. ದೂರದ ಗುಡಿಗಳಿಗೆ ಹೋಗುವ ದಿನ ಹಾಳಾಗಬಹುದು. ಆದರೆ ನೀರು ನೋಡಬೇಕು ಅನ್ನುವವರಿಗೆ ಇದೇ ಹಬ್ಬ. ಪಕ್ಕದ ಟೋನ್ಲೆ ಸಾಪ್ ಸರೋವರ ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇರುವುದು, ಮಳೆಗಾಲದ ಕೊನೆಗೆ 15,000 ಚದರ ಕಿ.ಮೀ. ಹತ್ತಿರ ಹರಡುತ್ತದೆ. ಮೆಕಾಂಗ್ ನದಿ ಉಕ್ಕಿದಾಗ ಟೋನ್ಲೆ ಸಾಪ್ ಹೊಳೆ ಹಿಂದಕ್ಕೆ ಹರಿದು ಸರೋವರವನ್ನು ತುಂಬುತ್ತದೆ. ಕಾಂಪೊಂಗ್ ಫ್ಲೂಕ್ ಅನ್ನುವ ಹಳ್ಳಿಯಲ್ಲಿ ಉದ್ದುದ್ದ ಕಂಬಗಳ ಮೇಲೆ ನಿಂತ ಮನೆಗಳಿವೆ. ಏಪ್ರಿಲ್‌ನಲ್ಲಿ ಕತ್ತೆತ್ತಿ ನೋಡಬೇಕಾದ ಅದೇ ಮನೆಗಳ ಜಗಲಿಗೆ ಅಕ್ಟೋಬರ್‌ನಲ್ಲಿ ದೋಣಿ ಬಂದು ನಿಲ್ಲುತ್ತದೆ.

ನಿಮ್ಮ ರಜೆ, ನಿಮ್ಮ ಜೊತೆಯವರು

ನಮ್ಮ ಕಷ್ಟ ಇರುವುದು ಇಲ್ಲಿ. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ದಸರಾದಲ್ಲಿ. ಒಂದು ಅಲ್ಲಿನ ಕಡು ಬೇಸಿಗೆ, ಇನ್ನೊಂದು ಕಡು ಮಳೆ. ಎರಡರಲ್ಲಿ ಒಂದು ಆರಿಸಲೇಬೇಕು ಅಂದರೆ ಕಣ್ಣುಮುಚ್ಚಿ ದಸರಾ ರಜೆ ಆರಿಸಿ. ಮಳೆಯಲ್ಲಿ ನೆನೆದ ಮಕ್ಕಳು ಖುಷಿಯಾಗಿರುತ್ತಾರೆ. ಬಿಸಿಲಲ್ಲಿ ಬಸವಳಿದ ಮಕ್ಕಳಿಗೆ ಯಾವ ದೇವಸ್ಥಾನವೂ ಬೇಡ. ದಸರಾ ಅಕ್ಟೋಬರ್ ಕೊನೆಗೆ ಬರುವ ವರ್ಷವಾದರೆ ಇನ್ನೂ ಒಳ್ಳೆಯದು, ಮಳೆ ಇಳಿಮುಖವಾಗಿರುತ್ತದೆ.

ವಯಸ್ಸಾದವರು ಜೊತೆಗಿದ್ದರೆ ಡಿಸೆಂಬರ್, ಜನವರಿ ಬಿಟ್ಟು ಬೇರೆ ಯೋಚನೆ ಬೇಡ. ಮಳೆಗಾಲದಲ್ಲಿ ಮರಳುಗಲ್ಲಿನ ಮೆಟ್ಟಿಲು ತುಂಬಾ ಜಾರುತ್ತವೆ. ಮೆಟ್ಟಿಲುಗಳೂ ನಮ್ಮ ಗುಡಿಗಳ ಹಾಗೆ ಅಲ್ಲ, ಎತ್ತರ ಜಾಸ್ತಿ, ಕಾಲಿಡಲು ಜಾಗ ಕಡಿಮೆ. ನಾನು ಅಮ್ಮನನ್ನು ಏಪ್ರಿಲ್‌ನಲ್ಲಿ ಕರೆದುಕೊಂಡು ಹೋಗಿದ್ದು ಇವತ್ತಿಗೂ ನನಗೆ ಬೇಸರದ ಸಂಗತಿ. ಅವರು ರಾಮಾಯಣ, ಮಹಾಭಾರತದ ಕಥೆ ಬಲ್ಲವರು. ಅಂಕೋರ್ ವಾಟ್‌ನ ಗೋಡೆಗಳನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಓದಬಲ್ಲವರು ಅವರೇ ಆಗಿದ್ದರು.

ಫೋಟೊಗಾಗಿ ಹೋಗುವವರು ಜೂನ್–ಜುಲೈ ಯೋಚಿಸಿ. ಮಳೆ ತೊಳೆದ ಆಕಾಶ, ಕಪ್ಪು ಮೋಡ, ಹಸಿ ಕಲ್ಲಿನ ಬಣ್ಣ ಬೇರೆ ಕಾಲದಲ್ಲಿ ಸಿಗುವುದಿಲ್ಲ.

ಪಂಚಾಂಗ ತೆಗೆಯಿರಿ

ತಿಂಗಳು ಗೊತ್ತಾಯಿತು ಅಂದುಕೊಳ್ಳಿ. ಈಗ ದಿನ ಆರಿಸಬೇಕು. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಖ್ಮೇರ್ ಜನರ ಹಬ್ಬಗಳೂ ಚಂದ್ರನ ಲೆಕ್ಕದಲ್ಲೇ ನಡೆಯುತ್ತವೆ.

ಅಂಕೋರ್ ವಾಟ್‌ನ ತುತ್ತತುದಿಯ ಅಂತಸ್ತಿಗೆ ಬಾಕನ್ ಅನ್ನುತ್ತಾರೆ. ಬೌದ್ಧರ ಶೀಲದ ದಿನಗಳಂದು ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ತಿಂಗಳಿಗೆ ನಾಲ್ಕು ದಿನ: ಎರಡು ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆ. ನಮ್ಮ ಪಂಚಾಂಗಕ್ಕೂ ಅವರದಕ್ಕೂ ಒಂದು ದಿನದ ವ್ಯತ್ಯಾಸ ಬರಬಹುದು, ಹೋಟೆಲಿನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ. ಮೂರು ದಿನದ ಪ್ರವಾಸದಲ್ಲಿ ಅಂಕೋರ್ ವಾಟ್‌ಗೆ ಇಟ್ಟ ಒಂದೇ ದಿನ ಅಷ್ಟಮಿಗೆ ಬಿದ್ದರೆ ತುಂಬಾ ನಿರಾಸೆಯಾಗುತ್ತದೆ ಅಲ್ವಾ?

ಏಪ್ರಿಲ್ ಮಧ್ಯದಲ್ಲಿ ಖ್ಮೇರ್ ಹೊಸ ವರ್ಷ. ನಮ್ಮ ಸೌರಮಾನ ಯುಗಾದಿ, ತುಳುನಾಡಿನ ಬಿಸು ಬರುವ ಹೊತ್ತಿಗೇ. ಊರಿಗೆ ಊರೇ ಅಂಕೋರ್‌ಗೆ ಬರುತ್ತದೆ, ಆಟ, ಕುಣಿತ, ನೀರೆರಚಾಟ. ಜನರನ್ನು ನೋಡಲು ಚೆನ್ನ, ಗುಡಿಗಳನ್ನು ನೋಡಲು ಕಷ್ಟ. ಭಾದ್ರಪದದ ಕೃಷ್ಣಪಕ್ಷದಲ್ಲಿ ಪ್ಚುಮ್ ಬೆನ್. ನಾವು ಪಿತೃಪಕ್ಷ ಮಾಡುವ ಅದೇ ಹದಿನೈದು ದಿನ ಅವರೂ ಸತ್ತ ಹಿರಿಯರಿಗೆ ಅನ್ನದ ಉಂಡೆ ಇಡುತ್ತಾರೆ. ಮಹಾಲಯ ಅಮಾವಾಸ್ಯೆಯ ಹಿಂದೆಮುಂದೆ ಅಲ್ಲಿ ಸಾರ್ವಜನಿಕ ರಜೆ, ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುಗಳು ತುಂಬಿರುತ್ತವೆ. ಕಾರ್ತಿಕ ಹುಣ್ಣಿಮೆಗೆ ನೀರಿನ ಹಬ್ಬ. ಹಿಂದಕ್ಕೆ ಹರಿದಿದ್ದ ಟೋನ್ಲೆ ಸಾಪ್ ಮತ್ತೆ ಸಮುದ್ರದ ಕಡೆ ತಿರುಗುವ ಕಾಲ ಅದು. ರಾಜಧಾನಿ ನೋಂ ಪೆನ್‌ನಲ್ಲಿ ದೊಡ್ಡ ದೋಣಿ ಸ್ಪರ್ಧೆ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಕಾರ್ತಿಕ ಹುಣ್ಣಿಮೆ ಕಳೆದ ಮೇಲಿನ ಎರಡು ಮೂರು ವಾರವೇ ಅಂಕೋರ್‌ಗೆ ಹೋಗಲು ಅತ್ಯುತ್ತಮ.

ಯಾವ ಗುಡಿಗೆ ಯಾವ ಕಾಲ

ಅಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದೆ. ಅದನ್ನು ಕಟ್ಟಿಸಿದ ಅರಸ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದ 1117ರ ಹೊತ್ತಿಗೆ ಅವನೂ ಅಲ್ಲಿ ವಿಷ್ಣುವಿನ ಗುಡಿಯ ಕನಸು ಕಾಣುತ್ತಿದ್ದಿರಬೇಕು. ಗುಡಿ ಪಶ್ಚಿಮಕ್ಕಿರುವುದರಿಂದ ಸೂರ್ಯ ಹುಟ್ಟುವುದು ಗೋಪುರಗಳ ಹಿಂದೆ. ಜನರೆಲ್ಲ ಎಡಗಡೆಯ ಕೊಳದ ದಡದಲ್ಲಿ ಸೇರುತ್ತಾರೆ. ಅಲ್ಲಿಂದ ಗೋಪುರಗಳು ತುಸು ಆಗ್ನೇಯಕ್ಕೆ ಕಾಣುತ್ತವೆ. ನವೆಂಬರ್‌ನಿಂದ ಜನವರಿವರೆಗೆ ಸೂರ್ಯನೂ ಆಗ್ನೇಯದ ಕಡೆ ಹುಟ್ಟುವುದರಿಂದ ಗೋಪುರಗಳ ಹತ್ತಿರವೇ ಮೇಲೇಳುತ್ತಾನೆ. ಜೂನ್‌ನಲ್ಲಿ ಅದೇ ಜಾಗದಲ್ಲಿ ನಿಂತರೆ ಸೂರ್ಯ ಎಡಕ್ಕೆ ದೂರದಲ್ಲಿ, ಮರಗಳ ಆಚೆ ಬರುತ್ತಾನೆ. ಮಾರ್ಚ್ 21ರ ಆಸುಪಾಸಿನಲ್ಲಿ, ಹಗಲು ರಾತ್ರಿ ಸಮ ಇರುವ ದಿನಗಳಲ್ಲಿ, ನಡುದಾರಿಯಲ್ಲಿ ನಿಂತವರಿಗೆ ಸೂರ್ಯ ಮಧ್ಯದ ಗೋಪುರದ ನೆತ್ತಿಯ ಮೇಲೆ ಕೂರುತ್ತಾನೆ. ಸೆಪ್ಟೆಂಬರ್‌ನಲ್ಲೂ ಹಾಗೇ, ಆದರೆ ಮೋಡದ ಕಾಟ. ಸೂರ್ಯೋದಯ ಡಿಸೆಂಬರ್ ಕೊನೆಗೆ 6:20ರ ಸುಮಾರಿಗೆ, ಜೂನ್‌ನಲ್ಲಿ 5:40ರ ಸುಮಾರಿಗೆ. ಬಾಗಿಲು ತೆಗೆಯುವುದು 5ಕ್ಕೆ.

ಮಳೆ ಬಂದರೆ ಓಡಬೇಕಾದ ಜಾಗವೂ ಅಂಕೋರ್ ವಾಟ್. ಕೆಳಗಿನ ಸುತ್ತುಮಂಟಪದ ಗೋಡೆಗಳ ಉದ್ದಕ್ಕೂ ಉಬ್ಬುಶಿಲ್ಪ, ಮೇಲೆ ಕಲ್ಲಿನ ಚಾವಣಿ. ಪಶ್ಚಿಮದ ಗೋಡೆಯ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ಹುಡುಕಿ, ಸಿಗುತ್ತಾನೆ. ಪೂರ್ವದ ಗೋಡೆಯಲ್ಲಿ ಸಮುದ್ರ ಮಥನ, ಸುಮಾರು 49 ಮೀಟರ್ ಉದ್ದ. ವಾಸುಕಿಯನ್ನು ಹಿಡಿದು ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು. ಪೂರ್ವದ ಗೋಡೆಯನ್ನು ಬೆಳಿಗ್ಗೆ, ಪಶ್ಚಿಮದ್ದನ್ನು ಮಧ್ಯಾಹ್ನದ ಮೇಲೆ ನೋಡಿದರೆ ಬೆಳಕು ಚೆನ್ನಾಗಿ ಬೀಳುತ್ತದೆ.

ಬಂತೇಯ್ ಸ್ರೇ ಎಲ್ಲ ಕಾಲಕ್ಕೂ ಸೈ. 967ರ ಪುಟ್ಟ ಗುಡಿ, ಕೆಂಪು ಛಾಯೆಯ ಮರಳುಗಲ್ಲು, ಬಾಗಿಲು ಪೂರ್ವಕ್ಕೆ. ಬೆಳಿಗ್ಗೆ 7:30ಕ್ಕೆ ತೆಗೆದ ಕೂಡಲೇ ಹೋಗಿ. ಅಲ್ಲಿನ ಉತ್ತರ ದಿಕ್ಕಿನ ಪುಸ್ತಕಮನೆಯ ಪೂರ್ವದ ಹಣೆಗಲ್ಲಿನ ಮುಂದೆ ಐದು ನಿಮಿಷ ನಿಲ್ಲಿ. ಖಾಂಡವವನ ದಹನದ ಕಥೆ. ಮೇಲೆ ಐರಾವತದ ಮೇಲೆ ಕೂತ ಇಂದ್ರ. ಅವನು ಸುರಿಸುವ ಮಳೆಯನ್ನು ಶಿಲ್ಪಿ ಓರೆಯಾದ ಗೆರೆಗಳಲ್ಲಿ ಒಂದರ ಪಕ್ಕ ಒಂದು ಕೊರೆದಿದ್ದಾನೆ. ಅದರ ಕೆಳಗೆ ಬಾಣಗಳ ಚಪ್ಪರ, ಒಂದು ಹನಿಯೂ ಕೆಳಗೆ ಇಳಿಯದ ಹಾಗೆ. ಚಪ್ಪರದ ಕೆಳಗೆ ದಿಕ್ಕು ತಪ್ಪಿ ಓಡುವ ಕಾಡುಪ್ರಾಣಿಗಳು. ಕಲ್ಲಿನಲ್ಲಿ ಮಳೆ ಕೆತ್ತಿದ್ದನ್ನು ನಾನು ಇಷ್ಟು ಚಂದವಾಗಿ ಬೇರೆಲ್ಲೂ ಕಂಡಿಲ್ಲ.

ತಾ ಪ್ರೋಮ್‌ನ ಮೇಲೆ ಬೆಳೆದ ದೊಡ್ಡ ಮರಗಳನ್ನು ಅಲ್ಲಿನವರು ಸ್ಪೂಂಗ್ ಅನ್ನುತ್ತಾರೆ. ಅದೇ ಜಾತಿಯ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಒಣ ಹವೆಯಲ್ಲಿ ಎಲೆ ಉದುರಿಸುವ ಮರ ಅದು. ಹಾಗಾಗಿ ಬೇಸಿಗೆಗೆ ಹೋದರೆ ಬೋಳು ಕೊಂಬೆ, ಮಳೆಗಾಲಕ್ಕೆ ಹೋದರೆ ಹಸಿರು ಚಾವಣಿ. ಜೂನ್‌ನಿಂದ ನವೆಂಬರ್ ಇಲ್ಲಿಗೆ ಒಳ್ಳೆಯ ಕಾಲ. ಇಲ್ಲಿ ಬಿದ್ದ ಕಲ್ಲುಗಳನ್ನು ಮತ್ತೆ ಎತ್ತಿ ನಿಲ್ಲಿಸುವ ಕೆಲಸದಲ್ಲಿ ನಮ್ಮ ದೇಶದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈ ಇದೆ.

ಕ್ಬಾಲ್ ಸ್ಪಿಯನ್‌ನಲ್ಲಿ ಹೊಳೆಯ ತಳದ ಬಂಡೆಯಲ್ಲೇ ನೂರಾರು ಲಿಂಗಗಳನ್ನು, ಮಲಗಿದ ವಿಷ್ಣುವನ್ನು ಕೆತ್ತಿದ್ದಾರೆ. ಶಿರಸಿ ಹತ್ತಿರದ ಸಹಸ್ರಲಿಂಗ ನೋಡಿದವರಿಗೆ ಒಡನೆ ನೆನಪಾಗುತ್ತದೆ. ಇಲ್ಲಿ ಕಾಲದ ಲೆಕ್ಕ ತುಂಬಾ ನಾಜೂಕು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ನೀರು ಉಕ್ಕಿ ಕೆತ್ತನೆ ಮುಚ್ಚಿಹೋಗುತ್ತದೆ. ಮಾರ್ಚ್ ನಂತರ ಹೊಳೆಯೇ ಸೊರಗುತ್ತದೆ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ತಿಳಿನೀರು ಲಿಂಗಗಳ ಮೇಲೆ ತೆಳ್ಳಗೆ ಹರಿಯುತ್ತಿರುತ್ತದೆ. ಗುಡ್ಡ ಹತ್ತಿ ಒಂದೂವರೆ ಕಿ.ಮೀ. ನಡೆಯಬೇಕು. ಮಧ್ಯಾಹ್ನದ ಮೇಲೆ ಒಳಗೆ ಬಿಡುವುದು ಬೇಗ ನಿಲ್ಲಿಸುತ್ತಾರೆ, ಬೆಳಿಗ್ಗೆಯೇ ಹೋಗಿ.

ಬೆಂಗ್ ಮೀಲಿಯಾ, ಕೋ ಕೇರ್‌ನಂಥ ದೂರದ ಗುಡಿಗಳನ್ನು ಒಣ ಹವೆಗೆ ಇಟ್ಟುಕೊಳ್ಳಿ. ಗಡಿಯ ಬಂಡೆತುದಿಯ ಪ್ರೀಯಾ ವಿಹಾರ್ ವಿಷಯ ಬೇರೆ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಸೈನಿಕರ ನಡುವೆ ಗಡಿಯಲ್ಲಿ ಕಾದಾಟ ನಡೆಯಿತು. ಗಡಿ ಭಾಗಕ್ಕೆ ಹೋಗುವ ಮೊದಲು ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಲೇಬೇಕು. ಥಾಯ್ಲೆಂಡಿನ ಬುರಿರಾಂ ಪ್ರಾಂತ್ಯದ ಫನೋಂ ರುಂಗ್‌ಗೂ ಈ ಮಾತು ಸಲ್ಲುತ್ತದೆ. ಆರಿದ ಜ್ವಾಲಾಮುಖಿಯ ಮೇಲಿನ ಶಿವನ ಗುಡಿ ಅದು. ಏಪ್ರಿಲ್ 3ರಿಂದ 5 ಮತ್ತು ಸೆಪ್ಟೆಂಬರ್ 8ರಿಂದ 10ರ ಆಸುಪಾಸಿನ ಬೆಳಿಗ್ಗೆ ಸೂರ್ಯನ ಬೆಳಕು ಸಾಲಾಗಿರುವ 15 ಬಾಗಿಲುಗಳನ್ನು ದಾಟಿ ಬರುತ್ತದೆ.

ಟಿಕೆಟ್ ಮತ್ತು ದಿನದ ವೇಳೆ

ಅಂಕೋರ್ ಪಾಸ್ ಮೂರು ಬಗೆ. 2017ರಲ್ಲಿ ನಿಗದಿಯಾದ ದರ: ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62, ಏಳು ದಿನಕ್ಕೆ 72. ಮೂರು ದಿನದ ಪಾಸನ್ನು ಹತ್ತು ದಿನಗಳ ಒಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು. ಮಳೆಗಾಲದಲ್ಲಿ ಇದು ದೊಡ್ಡ ಅನುಕೂಲ. ಆಕಾಶ ನೋಡಿ ದಿನ ಬದಲಿಸಬಹುದು. 12 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ತೋರಿಸಬೇಕು. ಆದರೆ ಆ ವಯಸ್ಸಿನವರನ್ನು ಬಾಕನ್ ಹತ್ತಲು ಬಿಡುವುದಿಲ್ಲ.

ಯಾವ ತಿಂಗಳೇ ಇರಲಿ, ದಿನವನ್ನು ಎರಡು ಪಾಳಿ ಮಾಡಿ. ಬೆಳಿಗ್ಗೆ 5ರಿಂದ 10:30ವರೆಗೆ ಒಂದು. ಊಟ ಮಾಡಿ, ರೂಮಿನಲ್ಲಿ ಮಲಗಿ. ಬೇಸಿಗೆಯಲ್ಲಿ 3:30ಕ್ಕೆ ಮತ್ತೆ ಹೊರಡಿ. ಮಳೆಗಾಲದಲ್ಲಿ ಬಯಲಿನ ಗುಡಿಗಳನ್ನೆಲ್ಲ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನಕ್ಕೆ ಅಂಕೋರ್ ವಾಟ್‌ನ ಸುತ್ತುಮಂಟಪ ಉಳಿಸಿಕೊಳ್ಳಿ. ಗುಡುಗು ಶುರುವಾದರೆ ಪ್ರೇ ರೂಪ್‌ನಂಥ ಎತ್ತರದ ಗುಡಿಯಿಂದ ಇಳಿದುಬಿಡಿ. ಡಿಸೆಂಬರ್‌ನಲ್ಲಿ ಸಂಜೆ 5:35ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಅದಕ್ಕೆ ತಕ್ಕಂತೆ ಬೇಗ ಹೊರಡಿ. ಟುಕ್‌ಟುಕ್ ಚಾಲಕನಿಗೆ ಹಿಂದಿನ ರಾತ್ರಿಯೇ ಸಮಯ ಹೇಳಿ. ಯಾವ ದಾರಿಯಲ್ಲಿ ಕೆಸರಿದೆ ಅಂತ ಅವನಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಬೆಂಗಳೂರಿನಿಂದ ಬ್ಯಾಂಕಾಕ್, ಕ್ವಾಲಾಲಂಪುರ ಅಥವಾ ಸಿಂಗಪುರದಲ್ಲಿ ವಿಮಾನ ಬದಲಿಸಿ ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್ ತಲುಪಬಹುದು. 2023ರ ಅಕ್ಟೋಬರ್‌ನಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿಂದ ದೂರ ಇದೆ, ದಾರಿಗೆ ಒಂದು ಗಂಟೆ ಇಟ್ಟುಕೊಳ್ಳಿ. ನಮಗೆ ವೀಸಾ ಬೇಕು, ಇ–ವೀಸಾ ಸಿಗುತ್ತದೆ.

ಚೀಲಕ್ಕೆ ಏನು ಹಾಕಬೇಕು ಅನ್ನುವುದು ಕೊನೆಯ ಮಾತು. ಭುಜ, ಮಂಡಿ ಮುಚ್ಚುವ ತೆಳು ಹತ್ತಿ ಬಟ್ಟೆ ಎಲ್ಲ ಕಾಲಕ್ಕೂ ಬೇಕು. ಇಲ್ಲದಿದ್ದರೆ ಬಾಕನ್‌ಗೆ ಬಿಡುವುದಿಲ್ಲ. ಡಿಸೆಂಬರ್ ಬೆಳಗಿನ ಟುಕ್‌ಟುಕ್ ಸವಾರಿಗೆ ಒಂದು ಶಾಲು. ಮಳೆಗಾಲಕ್ಕೆ ಒಳ್ಳೆಯ ಹಿಡಿತದ ಚಪ್ಪಲಿ, ಛತ್ರಿಗಿಂತ ರೈನ್‌ಕೋಟು, ಸೊಳ್ಳೆಗೆ ಹಚ್ಚುವ ಕ್ರೀಮು, ಯಾಕೆಂದರೆ ಆಗ ಅಲ್ಲಿ ಡೆಂಗಿ ಇರುತ್ತದೆ. ಬೇಸಿಗೆಗೆ ಓಆರ್‌ಎಸ್ ಪೊಟ್ಟಣ. ಅಲ್ಲಿ ಇಳಿದ ಮೇಲೆ ಒಂದು ಕ್ರಮಾ ಕೊಳ್ಳಿ. ಚೌಕುಳಿ ಇರುವ ಹತ್ತಿಯ ವಸ್ತ್ರ, ನೋಡಲು ನಮ್ಮ ಟವೆಲಿನ ಹಾಗೇ ಇರುತ್ತದೆ. ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿಕೊಂಡರೆ ಏಪ್ರಿಲ್‌ನಲ್ಲೂ ಒಂದು ಗುಡಿ ಜಾಸ್ತಿ ನೋಡಬಹುದು.